ಜೋಳ, ತೊಗರಿ, ಉಳ್ಳಾಗಡ್ಡಿ, ಕಬ್ಬು: ಅಂಗಡಿ ಕಟ್ಟೆಯ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರದಲ್ಲಿ ಕಿರಾಣಿ ಅಂಗಡಿ ನಡೆಸುತ್ತೇನೆ. ಅದಕ್ಕೂ ಮೊದಲು ಒಂಬತ್ತು ವರ್ಷ ಎಪಿಎಂಸಿಯ ಒಂದು ಅಡತಿ ಅಂಗಡಿಯಲ್ಲಿ, ಅಂದರೆ ರೈತರ ಮಾಲು ಮಾರಿಸಿ ದಲಾಲಿ ಪಡೆಯುವ ಅಂಗಡಿಯಲ್ಲಿ, ಲೆಕ್ಕ ಬರೆಯುತ್ತಿದ್ದೆ. ಊರಲ್ಲಿ ಅಣ್ಣ ಹೊಲ ನೋಡಿಕೊಳ್ಳುತ್ತಾನೆ. ಹೀಗಾಗಿ ಬೈಗುಳ ಎರಡೂ ಕಡೆಯಿಂದ ಬರುತ್ತದೆ. ಅಣ್ಣ ತೊಗರಿ ಮಾರಿ ಬಂದು "ಏನೂ ಉಳಿಲಿಲ್ಲಪಾ" ಅನ್ನುತ್ತಾನೆ. ಅದೇ ಸಂಜೆ ಗಿರಾಕಿ "ಬ್ಯಾಳಿ ಇಷ್ಟ್ ತುಟ್ಟಿ ಯಾಕ್ರೀ ಅಣ್ಣಾರ?" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪ್ರತಿ ಸಲ ಬಾಯಿಂದ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ದೇಶದಲ್ಲಿ ದಾಖಲೆ ಬೆಳೆ ಬಂತು ಅಂತಾರೆ. ಮತ್ತೆ ಸಾಮಾನು ಯಾಕೆ ಸೋವಿ ಆಗೋದಿಲ್ಲ?

ದಾಖಲೆ ಬಂದದ್ದು ನಿಜ. 2024-25ರಲ್ಲಿ ಭಾರತದ ಒಟ್ಟು ಆಹಾರಧಾನ್ಯ ಸುಮಾರು 35.7 ಕೋಟಿ ಟನ್. ಅದರಲ್ಲಿ ಅಕ್ಕಿಯೇ 15 ಕೋಟಿ ಟನ್, ಗೋಧಿ ಹತ್ತಿರ ಹತ್ತಿರ 11.8 ಕೋಟಿ. ಇವೆರಡೇ ಮುಕ್ಕಾಲು ಪಾಲು ತಿಂದು ಹಾಕಿದವು. ಬೇಳೆಕಾಳು ಎಲ್ಲ ಸೇರಿ ಎರಡೂವರೆ ಕೋಟಿ ಟನ್ನಿನ ಆಸುಪಾಸು.

ಅಂದರೆ ನಮ್ಮ ದೇಶದಲ್ಲಿ ಅಕ್ಕಿ, ಗೋಧಿಗೆ ಬರ ಇಲ್ಲ. ಬೇಳೆ ಮತ್ತು ಎಣ್ಣೆ ಮಾತ್ರ ಸಾಲುವುದಿಲ್ಲ. ಜಗತ್ತಿನಲ್ಲಿ ಬೇಳೆಕಾಳು ಅತಿ ಹೆಚ್ಚು ಬೆಳೆಯುವ ದೇಶ ಭಾರತ, ಅತಿ ಹೆಚ್ಚು ತಿನ್ನುವ ದೇಶವೂ ಭಾರತ, ಅತಿ ಹೆಚ್ಚು ತರಿಸಿಕೊಳ್ಳುವ ದೇಶವೂ ಭಾರತವೇ! ತೊಗರಿ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಯಿಂದ ಹಡಗಿನಲ್ಲಿ ಬರುತ್ತದೆ. ಸಿಂದಗಿ ಹೊಲದ ತೊಗರಿ ರೇಟು ಆಫ್ರಿಕಾದ ಮಳೆಯ ಮೇಲೂ ನಿಂತಿರುತ್ತದೆ ಅಂದರೆ ನಮ್ಮ ಕಾಕಾ ನಗುತ್ತಿದ್ದರು. ಈಗ ನಗುವುದಿಲ್ಲ.

ತೊಗರಿ ಕಿಲೋಗೆ 80 ರೂಪಾಯಿ, ಬೇಳೆ ಮಾತ್ರ ಅಷ್ಟೊಂದು ಯಾಕೆ?

ನಿಂತುಕೊಂಡು ಕೇಳುವವರಿಗೆ ನಾನು ಕ್ಯಾಲ್ಕುಲೇಟರ್ ಕೊಟ್ಟುಬಿಡುತ್ತೇನೆ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 8,000. ಅದೇ ರೇಟಿಗೆ ಮಿಲ್ಲಿನವರು ಕೊಂಡರು ಅಂತ ಇಟ್ಟುಕೊಳ್ಳಿ. ಒಂದು ಕ್ವಿಂಟಾಲ್ ತೊಗರಿ ಹಾಕಿದರೆ ಬೇಳೆ ಬರುವುದು 70ರಿಂದ 75 ಕಿಲೋ. ಉಳಿದದ್ದು ಹೊಟ್ಟು, ನುಚ್ಚು, ಹುಡಿ. ಅದು ದನದ ಮೇವಿಗೆ ಹೋಗುತ್ತದೆ, ಅದಕ್ಕೂ ಸ್ವಲ್ಪ ರೊಕ್ಕ ಬರುತ್ತದೆ, ಆದರೆ ಬೇಳೆಯ ರೊಕ್ಕ ಅಲ್ಲ. 8,000ವನ್ನು 72ರಿಂದ ಭಾಗಿಸಿ. 111 ರೂಪಾಯಿ! ಇನ್ನೂ ಮಿಲ್ಲಿನ ಕರೆಂಟು ಉರಿದಿಲ್ಲ, ಎಣ್ಣೆ-ನೀರು ಹಚ್ಚಿ ಒಣಗಿಸಿಲ್ಲ, ಚೀಲ ಹೊಲಿದಿಲ್ಲ, ಲಾರಿ ಹೊರಟಿಲ್ಲ. ಆಗಲೇ 80 ಹೋಗಿ 111 ಆಯ್ತು. ಇದರಲ್ಲಿ ಯಾರೂ ಕದ್ದಿಲ್ಲ, ಸಿಪ್ಪೆ ಹೋಗಿದೆ ಅಷ್ಟೇ.

ಆಮೇಲೆ ಮಿಲ್ಲು, ಸಾಗಾಟ, ಹೋಲ್‌ಸೇಲ್, ನಾನು. ನನ್ನ ಪಾಲು ಎಷ್ಟು ಅಂತ ಕೇಳಬೇಡಿ, ಕೇಳಿದರೆ ಹೇಳುತ್ತೇನೆ, ನಂಬುವುದಿಲ್ಲ.

ಏನೇ ಅನ್ನಿ, ನಡುವಿನವರೇ ಎಲ್ಲ ತಿನ್ನುತ್ತಾರೆ. ಅಲ್ವಾ?

ಬೆಳೆ ನೋಡಿ ಹೇಳಬೇಕು. 2024ರಲ್ಲಿ ರಿಸರ್ವ್ ಬ್ಯಾಂಕ್ ಕಡೆಯಿಂದ ಬಂದ ಅಧ್ಯಯನಗಳಲ್ಲಿ ಇದರ ಲೆಕ್ಕ ಇದೆ. ಗಿರಾಕಿ ಕೊಡುವ ಒಂದು ರೂಪಾಯಿಯಲ್ಲಿ ಟೊಮೆಟೊ ಬೆಳೆದವನಿಗೆ ಸಿಗುವುದು ಸುಮಾರು 33 ಪೈಸೆ, ಉಳ್ಳಾಗಡ್ಡಿಗೆ 36, ಆಲೂಗಡ್ಡೆಗೆ 37. ಬೇಳೆಕಾಳಿಗೆ ಬಂದರೆ ಚಿತ್ರವೇ ಬೇರೆ. ಕಡಲೆಗೆ ಸುಮಾರು 75 ಪೈಸೆ, ಹೆಸರಿಗೆ 70, ತೊಗರಿಗೆ 65.

ಯಾಕೆ ಇಷ್ಟು ಫರಕು? ಟೊಮೆಟೊ ಕೊಳೆಯುತ್ತದೆ, ತೊಗರಿ ಕೊಳೆಯುವುದಿಲ್ಲ. ಕೊಳೆಯುವ ಮಾಲಿನಲ್ಲಿ ಪ್ರತಿ ಕೈಯವನೂ "ನಾಳೆ ಅರ್ಧ ಬಿಸಾಕಬೇಕಾದೀತು" ಅಂತ ಲೆಕ್ಕ ಹಿಡಿದೇ ಕೊಳ್ಳುತ್ತಾನೆ. ಆ ಹೆದರಿಕೆಯ ಖರ್ಚು ರೈತನ ತಲೆಗೂ ಬರುತ್ತದೆ, ನಿಮ್ಮ ತಲೆಗೂ ಬರುತ್ತದೆ.

ಇನ್ನು ನನ್ನ ಸ್ವಂತ ಅಭಿಪ್ರಾಯ. ಒಂಬತ್ತು ವರ್ಷ ಖಾತೆ ಬರೆದವನು ಹೇಳುತ್ತಿದ್ದೇನೆ. ಕಾಳುಕಡಿಯಲ್ಲಿ ದಲಾಲಿ ತಿನ್ನುವುದಕ್ಕಿಂತ ಅವಸರ ಜಾಸ್ತಿ ತಿನ್ನುತ್ತದೆ. ತೊಗರಿ ರಾಶಿ ಆಗುವುದು ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಎಲ್ಲರದೂ ಒಮ್ಮೆಗೇ. ಆವಕ ಜಾಸ್ತಿ ಆದ ದಿನ ರೇಟು ಕುಸಿಯುತ್ತದೆ. ಅದು ಗೊತ್ತಿದ್ದೂ ಮಾಲು ತರುತ್ತಾರೆ, ಯಾಕೆಂದರೆ ಮಾರ್ಚ್ ಒಳಗೆ ಬೆಳೆ ಸಾಲ ಕಟ್ಟಬೇಕು, ಮಗಳ ಮದುವೆ ಇದೆ, ಗೊಬ್ಬರದ ಅಂಗಡಿ ಉದ್ರಿ ಇದೆ. ಎಷ್ಟೋ ಸಲ ಅಡತಿ ಅಂಗಡಿಯವನೇ ಆಷಾಢದಲ್ಲಿ ಮುಂಗಡ ಕೊಟ್ಟಿರುತ್ತಾನೆ. ಅವನ ಅಂಗಡಿ ಬಿಟ್ಟು ಬೇರೆ ಕಡೆ ಚೀಲ ಇಳಿಸಲು ಮುಖ ಬರುವುದಿಲ್ಲ. ನಾನು ಬರೆದ ಖಾತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪುಟದಲ್ಲಿ ಮೊದಲ ಸಾಲು "ಮುಂಗಡ" ಅಂತಲೇ ಇರುತ್ತಿತ್ತು.

ಹಾಗಾದರೆ ಮಾಲು ಇಟ್ಟುಕೊಂಡು ಆಮೇಲೆ ಮಾರಬಹುದಲ್ಲ?

ಇಡಲು ಜಾಗ ಬೇಕು, ನುಸಿ ಬೀಳದ ಹಾಗೆ ನೋಡಿಕೊಳ್ಳಬೇಕು, ಅಲ್ಲಿವರೆಗೆ ಮನೆ ನಡೆಯಬೇಕು. ನೋಂದಾಯಿತ ಉಗ್ರಾಣದಲ್ಲಿ ಇಟ್ಟರೆ ರಸೀದಿ ಕೊಡುತ್ತಾರೆ, ಆ ರಸೀದಿ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ತೆಗೆಯಬಹುದು. 2007ರ ಉಗ್ರಾಣ ಕಾಯ್ದೆ ಬಂದದ್ದೇ ಇದಕ್ಕೆ. ಎಪಿಎಂಸಿಯಲ್ಲೂ ಅಡಮಾನ ಸಾಲ ಇದೆ. ನಾಲ್ಕು ಚೀಲದ ರೈತ ಇದಕ್ಕೆಲ್ಲ ಓಡಾಡುವುದು ಕಡಿಮೆ. ಇಪ್ಪತ್ತು ಚೀಲದ ಮೇಲಿದ್ದರೆ ಒಮ್ಮೆ ವಿಚಾರಿಸಿ ನೋಡಿ.

ಒಂದು ಎಚ್ಚರಿಕೆ: ಇಟ್ಟ ಮಾತ್ರಕ್ಕೆ ರೇಟು ಏರುತ್ತದೆ ಅಂತ ಇಲ್ಲ. ಹಡಗು ಬಂದರೆ ಇಳಿಯುತ್ತದೆ.

ಎಪಿಎಂಸಿ ಪಟ್ಟಿಯಲ್ಲಿ ಏನೇನು ನೋಡಬೇಕು?

ಪಟ್ಟಿ ಅಂದರೆ ಮಾಲು ಮಾರಿದ ಮೇಲೆ ಕೊಡುವ ಲೆಕ್ಕದ ಚೀಟಿ. ಇದನ್ನು ಮಡಚಿ ಜೇಬಿಗೆ ಹಾಕಿಕೊಂಡು ಬರುವವರೇ ಜಾಸ್ತಿ. ಅಲ್ಲೇ ನಿಂತು ಓದಿ.

ಲಾಟ್ ನಂಬರ್, ಅಂದರೆ ನಿಮ್ಮ ರಾಶಿಗೆ ಕೊಟ್ಟ ನಂಬರ್ ನೋಡಿ, ಟೆಂಡರ್ ಆದ ರೇಟಿಗೆ ಹೋಲಿಸಿ. ಕರ್ನಾಟಕದಲ್ಲಿ ಈಗ ವ್ಯಾಪಾರಿಗಳು ಕಂಪ್ಯೂಟರಿನಲ್ಲೇ ರೇಟು ಹಾಕುತ್ತಾರೆ, ಯಾವ ಲಾಟಿಗೆ ಎಷ್ಟು ಬಂತು ಅನ್ನುವುದು ಬಚ್ಚಿಟ್ಟ ವಿಷಯ ಅಲ್ಲ. ಬಂದ ರೇಟು ಮನಸ್ಸಿಗೆ ಬರದಿದ್ದರೆ ಕೊಡುವುದಿಲ್ಲ ಅನ್ನುವ ಹಕ್ಕು ನಿಮಗಿದೆ. ತಿರುಗಿ ಗಾಡಿಗೆ ಏರಿಸುವ ಹಮಾಲಿ ನೆನೆದು ಬಹಳ ಜನ ಸುಮ್ನೆ ಕೊಟ್ಟು ಬರುತ್ತಾರೆ, ಅದು ಬೇರೆ ಮಾತು.

ಮುಖ್ಯ ಇರುವುದು ತೂಕದಲ್ಲಿ. ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಅಣ್ಣ 21 ಚೀಲ ತೊಗರಿ ಒಯ್ದಿದ್ದ. ನಾನು ಆಗ ಆ ಕೆಲಸ ಬಿಟ್ಟು ಅಂಗಡಿ ಹಾಕಿದ್ದೆ. ರಾತ್ರಿ ಊಟಕ್ಕೆ ಕೂತಾಗ ಪಟ್ಟಿ ತೋರಿಸಿದ. ಖಾಲಿ ಚೀಲದ ತೂಕ, ಅಂದರೆ ಬಾರದಾನ, ಚೀಲಕ್ಕೆ ಒಂದು ಕಿಲೋ ಹಿಡಿದಿದ್ದರು. ಮನೆಯಲ್ಲಿ ಅದೇ ತರಹದ ಚೀಲ ಇತ್ತು, ಅಂಗಡಿ ತಕ್ಕಡಿಯ ಮೇಲೆ ಇಟ್ಟೆ. 600 ಗ್ರಾಂ. ಇದರ ಮೇಲೆ "ಸೂಟು" ಅಂತ ಚೀಲಕ್ಕೆ ಇನ್ನೊಂದು ಕಿಲೋ ಕಡಿದಿದ್ದರು. ಸೂಟು ಅಂದರೆ ಕಸ, ಹಸಿ, ಒಡಕು ಅಂತ ಹೇಳಿ ಕಡಿಯುವ ತೂಕ. ಅಣ್ಣನ ಮಾಲು ತೂರಿ, ಜರಡಿ ಹಿಡಿದದ್ದು. ಬಾರದಾನದಲ್ಲಿ ಹೆಚ್ಚಿಗೆ ಹಿಡಿದ 400 ಗ್ರಾಂ, ಸೂಟಿನ ಒಂದು ಕಿಲೋ, ಎರಡೂ ಸೇರಿ 21 ಚೀಲಕ್ಕೆ 29 ಕಿಲೋಗಿಂತ ಜಾಸ್ತಿ ಹೋಯಿತು. ಆಗಿನ 70ರ ರೇಟಿಗೆ ಎರಡು ಸಾವಿರ ರೂಪಾಯಿ! ಮರುದಿನ ಹೋಗಿ ಕೇಳಿದೆವು. "ಎಲ್ಲಾರಿಗೂ ಹಂಗ ಐತ್ರೀ" ಅಂದರು. ಒಂದು ಗಂಟೆ ವಾದ ಮಾಡಿದ ಮೇಲೆ ಸೂಟಿನ ರೊಕ್ಕ ಕೊಟ್ಟರು, ಬಾರದಾನದ್ದು ಕೊಡಲಿಲ್ಲ.

ಕರ್ನಾಟಕದ ಎಪಿಎಂಸಿ ನಿಯಮದಲ್ಲಿ ದಲಾಲಿಯನ್ನು ಕೊಳ್ಳುವವನು ಕೊಡಬೇಕು, ರೈತನ ಪಟ್ಟಿಯಲ್ಲಿ ಕಡಿಯುವ ಹಾಗಿಲ್ಲ. ಕಡಿದಿದ್ದರೆ ಮಾರುಕಟ್ಟೆ ಸಮಿತಿಯ ಆಫೀಸಿಗೆ ಅದೇ ದಿನ ಹೋಗಿ, ಪಟ್ಟಿ ಕೈಯಲ್ಲಿರಲಿ. ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಚೀಟಿ ಕೊಟ್ಟರೆ ತೆಗೆದುಕೊಳ್ಳಬೇಡಿ.

ಬೆಂಬಲ ಬೆಲೆ ಘೋಷಣೆ ಆಗಿದ್ದರೂ ಅದಕ್ಕಿಂತ ಕಡಿಮೆಗೆ ಹೇಗೆ ಕೊಳ್ಳುತ್ತಾರೆ?

ಬೆಂಬಲ ಬೆಲೆ ಅಂದರೆ ಸರ್ಕಾರ ತಾನು ಕೊಂಡರೆ ಕೊಡುವ ಬೆಲೆ. ಖಾಸಗಿ ವ್ಯಾಪಾರಿ ಅದಕ್ಕಿಂತ ಕೆಳಗೆ ಕೊಳ್ಳಬಾರದು ಅಂತ ಕಾನೂನು ಇಲ್ಲ. ಇದನ್ನು ತಪ್ಪು ತಿಳಿದವರು ತುಂಬಾ ಜನ. ಕೇಂದ್ರ ಸರ್ಕಾರ 22 ಬೆಳೆಗೆ ಬೆಂಬಲ ಬೆಲೆ ಹೇಳುತ್ತದೆ, ಕಬ್ಬಿಗೆ ಬೇರೆ ಲೆಕ್ಕ.

ಬೆಂಬಲ ಬೆಲೆಗೆ ಕೊಡಬೇಕೆಂದರೆ ಖರೀದಿ ಕೇಂದ್ರ ತೆರೆದಿರಬೇಕು, ನಿಮ್ಮ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರು) ಇರಬೇಕು, ಉತಾರದಲ್ಲಿ (ಪಹಣಿಯಲ್ಲಿ) ಆ ಬೆಳೆ ದಾಖಲಾಗಿರಬೇಕು, ಮಾಲಿನಲ್ಲಿ ಹಸಿ 12 ಪರ್ಸೆಂಟಿನ ಮೇಲೆ ಇರಬಾರದು. ರೊಕ್ಕ ಖಾತೆಗೆ ಬರಲು ಕಾಯಬೇಕು. ಉತಾರದಲ್ಲಿ ತೊಗರಿ ಬದಲು ಮೆಕ್ಕೆಜೋಳ ಅಂತ ಬಿದ್ದು ಕೇಂದ್ರದಿಂದ ತಿರುಗಿ ಬಂದವರನ್ನು ನೋಡಿದ್ದೇನೆ. ಬಿತ್ತಿದ ತಿಂಗಳಲ್ಲೇ ಬೆಳೆ ಸಮೀಕ್ಷೆ ಸರಿ ಆಗಿದೆಯೋ ಇಲ್ಲವೋ ನೋಡಿಕೊಂಡರೆ ಈ ತಾಪತ್ರಯ ಇರುವುದಿಲ್ಲ. 2024-25ರ ತೊಗರಿಗೆ ಬೆಂಬಲ ಬೆಲೆ 7,550 ಇತ್ತು, ರಾಜ್ಯ ಸರ್ಕಾರ ಮೇಲೆ 450 ಸೇರಿಸಿ 8,000 ಮಾಡಿತು. ಕೇಂದ್ರದಲ್ಲಿ ಕೊಟ್ಟವರಿಗೆ ಮಾತ್ರ ಅದು ಸಿಕ್ಕಿತು.

ಬಿಳಿಜೋಳ ಅಕ್ಕಿಗಿಂತ ತುಟ್ಟಿ ಆಗಿದ್ದು ಯಾಕೆ? ಬಡವರ ಊಟ ಅಂತಿದ್ದರು.

ಈ ಪ್ರಶ್ನೆ ಕೇಳಿದವರಿಗೆ ನಾನು ಚಹಾ ಹೇಳುತ್ತೇನೆ, ಉತ್ತರ ಉದ್ದ ಇದೆ.

ನಮ್ಮ ರೊಟ್ಟಿಯ ಜೋಳ ಹಿಂಗಾರಿ ಬೆಳೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದರೆ ಫೆಬ್ರವರಿ-ಮಾರ್ಚಿಗೆ ಕೊಯ್ಲು. ಎರೆ ಹೊಲದಲ್ಲಿ ಉಳಿದ ಹಸಿ, ಮೇಲೆ ಚಳಿಗಾಲದ ಇಬ್ಬನಿ, ಇಷ್ಟರಲ್ಲೇ ಬೆಳೆಯುತ್ತದೆ. "ಡೋಣಿ ಹರಿದರೆ ಓಣೆಲ್ಲ ಜೋಳ" ಅನ್ನುವುದು ಡೋಣಿ ನದಿ ದಂಡೆಯ ಇದೇ ಕಪ್ಪು ಮಣ್ಣಿನ ಮಾತು. ತಳಿಗಳಲ್ಲಿ ಮಾಲದಂಡಿಯೇ ರಾಜ. ಎಂ 35-1 ಅಂತ ಅದರ ನಂಬರು, ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದದ್ದು. ನನ್ನ ಅಜ್ಜನ ಕಾಲದ ತಳಿ, ಇವತ್ತಿಗೂ ರೊಟ್ಟಿಗೆ ಅದೇ ಬೇಕು. ಸರ್ಕಾರದ ಬೆಂಬಲ ಬೆಲೆ ಪಟ್ಟಿಯಲ್ಲೂ ಮಾಲದಂಡಿಗೆ ಬೇರೆ ಸಾಲು ಇದೆ. 2025-26ಕ್ಕೆ ಹೈಬ್ರಿಡ್ ಜೋಳ 3,699, ಮಾಲದಂಡಿ 3,749.

ಇನ್ನು ತುಟ್ಟಿ ಆದದ್ದಕ್ಕೆ ಕಾರಣ. ಬೆಳೆಯುವವರು ಕಡಿಮೆ ಆದರು. ಕೃಷ್ಣೆಯ ನೀರು, ಆಲಮಟ್ಟಿ ಕಾಲುವೆ ಬಂದ ಕಡೆ ಜೋಳದ ಹೊಲ ಕಬ್ಬಿನ ಗದ್ದೆ ಆಯಿತು. ನೀರಿಲ್ಲದ ಕಡೆ ತೊಗರಿ, ಕಡಲೆ ಹಿಡಿದರು. ಜೋಳದ ಕೊಯ್ಲು ಮೈಮುರಿಯುವ ಕೆಲಸ. ದಂಟನ್ನು ಬೇರು ಸಮೇತ ಕೀಳಬೇಕು, ಸಿವುಡು ಕಟ್ಟಬೇಕು, ತೆನೆ ಮುರಿಯಬೇಕು. ಆಳು ಸಿಗುವುದಿಲ್ಲ. ಎರೆ ಹೊಲದ ಎತ್ತರದ ಮಾಲದಂಡಿಗೆ ಮಷೀನು ಹಾಕಿದರೆ ಕಣಿಕೆ (ದನದ ಮೇವಿನ ದಂಟು) ಹಾಳಾಗುತ್ತದೆ, ಕಣಿಕೆ ಇಲ್ಲದ ಜೋಳ ರೈತನಿಗೆ ಅರ್ಧ ಬೆಳೆ. ಹಕ್ಕಿ ಕಾಯಬೇಕು. ಇಷ್ಟೆಲ್ಲ ಮಾಡಿ ಎಕರೆಗೆ ಬರುವ ಚೀಲ ಬೆರಳಲ್ಲಿ ಎಣಿಸುವಷ್ಟು.

ಇತ್ತ ತಿನ್ನುವವರು ಜಾಸ್ತಿ ಆದರು. ಸಕ್ಕರೆ ಕಾಯಿಲೆ ಬಂದವರಿಗೆ ಡಾಕ್ಟರು ರೊಟ್ಟಿ ತಿನ್ನಿ ಅಂತಾರೆ. ಬೆಂಗಳೂರಲ್ಲಿ ಖಡಕ್ ರೊಟ್ಟಿ ಪ್ಯಾಕೆಟ್ಟು ಮಾರುತ್ತಾರೆ. 2023 ಸಿರಿಧಾನ್ಯ ವರ್ಷ ಅಂತ ಜಗತ್ತಿಗೆಲ್ಲ ಸಾರಿದರು. ಅದೇ ವರ್ಷ ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ. ಜೋಳದ ಚೀಲ ಎತ್ತಲು ಹೋದರೆ ರೇಟು ಕೇಳಿ ಗಿರಾಕಿ ಕೈ ಬಿಡುತ್ತಿದ್ದರು. ನಮ್ಮ ಓಣಿಯ ಒಬ್ಬ ಅವ್ವ, ಜೀವಮಾನದಲ್ಲಿ ರೊಟ್ಟಿ ಬಿಟ್ಟು ಬೇರೆ ಉಂಡವಳಲ್ಲ, "ಐದು ಕಿಲೋ ಜ್ವಾಳ, ಉಳಿದದ್ದು ಗೋದಿ ಹಾಕಪಾ" ಅಂದಳು. ನಾನು ಏನೂ ಹೇಳಲಿಲ್ಲ, ತೂಗಿ ಕೊಟ್ಟೆ.

ಒಳ್ಳೆ ಜೋಳ ಗುರುತು ಹಿಡಿಯುವುದು ಹೇಗೆ?

ಹಿಡಿಯಲ್ಲಿ ತೆಗೆದುಕೊಂಡು ಬಿಸಿಲಿಗೆ ಹಿಡಿಯಿರಿ, ಮುತ್ತಿನ ಹಾಗೆ ಮಿನುಗಬೇಕು. ಮುಖ ಕಪ್ಪಾಗಿದ್ದರೆ ತೆನೆ ಕಟ್ಟಿದ ಮೇಲೆ ಮಳೆಗೆ ಸಿಕ್ಕಿದೆ. ಒಂದು ಕಾಳು ಹಲ್ಲಲ್ಲಿ ಒಡೆಯಿರಿ, ಕಟ್ ಅಂತ ಸದ್ದು ಬರಬೇಕು. ಮೆತ್ತಗೆ ಒಡೆದರೆ ಹಸಿ ಇದೆ, ಮನೆಗೆ ಒಯ್ದು ಎರಡು ದಿನ ಬಿಸಿಲಿಗೆ ಹಾಕದಿದ್ದರೆ ನುಸಿ ಬೀಳುತ್ತದೆ. ಕೊನೆಯ ಪರೀಕ್ಷೆ ಹಿಟ್ಟಿನದು. ಬಿಸಿನೀರು ಹಾಕಿ ನಾದಿದಾಗ ಜಿಗಿ ಇರಬೇಕು. ಜಿಗಿ ಇಲ್ಲದಿದ್ದರೆ ಬಡಿಯುವಾಗ ಅಂಚು ಹರಿಯುತ್ತದೆ. ಹಳೇ ಜೋಳಕ್ಕೆ ಜಿಗಿ ಕಡಿಮೆ. ಬೀಸಿ ಬಹಳ ದಿನ ಇಟ್ಟ ಹಿಟ್ಟಿಗೂ ಅಷ್ಟೇ, ಅದಕ್ಕೇ ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿಕೊಳ್ಳಿ.

ರೊಟ್ಟಿ ಉಣ್ಣುವವರಿಗೆ ರೇಷನ್ನಿನಲ್ಲಿ ಅಕ್ಕಿ ಯಾಕೆ?

ಸರ್ಕಾರದ ಗೋದಾಮಿನಲ್ಲಿ ಇರುವುದು ಅಕ್ಕಿ-ಗೋಧಿ, ಅದಕ್ಕೆ. ಖರೀದಿ ಜಾಸ್ತಿ ಆಗುವುದು ಅವೆರಡೇ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ ಕಾರ್ಡಿಗೆ ತಲೆಗೆ 5 ಕಿಲೋ, ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕಿಲೋ. 2023ರ ಜನವರಿಯಿಂದ ಇದು ಪುಕ್ಕಟೆ. ದೇಶದಲ್ಲಿ 80 ಕೋಟಿಗೂ ಹೆಚ್ಚು ಜನ ಇದರಲ್ಲಿ ಬರುತ್ತಾರೆ. ಮೇಲೆ ರಾಜ್ಯದ ಅನ್ನಭಾಗ್ಯ. 2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗದೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು, 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿ ಬಂತು.

ಬೆಂಬಲ ಬೆಲೆಯಲ್ಲಿ ಜೋಳ ಖರೀದಿಯಾದ ವರ್ಷ ನಮ್ಮ ಕಡೆ ರೇಷನ್ನಿನಲ್ಲೂ ಜೋಳ ಬಂದದ್ದಿದೆ. ಆದರೆ ಹೊರಗೆ ರೇಟು ಮೇಲಿರುವಾಗ ಸರ್ಕಾರಕ್ಕೆ ಯಾರು ಕೊಡುತ್ತಾರೆ? ರೇಟು ಬಿದ್ದ ವರ್ಷ ಜೋಳ ಬರುತ್ತದೆ, ತುಟ್ಟಿ ಇದ್ದ ವರ್ಷ ಬರುವುದಿಲ್ಲ. ಬೇಕಾದಾಗಲೇ ಇಲ್ಲ. ರೇಷನ್ ಅಕ್ಕಿ ಮಾರಿ ಜೋಳ ಕೊಳ್ಳುವವರ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳುತ್ತೇವೆ. ಮಾರುವುದು ತಪ್ಪು, ಸರಿ. ಬರೀ ಅನ್ನ ಉಂಡು ಹೊಲಕ್ಕೆ ಹೋದವನಿಗೆ ಹನ್ನೊಂದಕ್ಕೇ ಹಸಿವು ಅನ್ನುವುದೂ ಅಷ್ಟೇ ನಿಜ.

ಉಳ್ಳಾಗಡ್ಡಿ ಒಮ್ಮೆ ಕಣ್ಣೀರು ತರಿಸುತ್ತದೆ, ಒಮ್ಮೆ ರಸ್ತೆಗೆ ಚೆಲ್ಲುತ್ತಾರೆ. ಏನಿದು?

ಉಳ್ಳಾಗಡ್ಡಿಗೆ ಬೆಂಬಲ ಬೆಲೆ ಇಲ್ಲ. ನಮ್ಮ ಕೊಲ್ಹಾರ, ಬಸವನಬಾಗೇವಾಡಿ, ಬಾಗಲಕೋಟೆ ಕಡೆಯದು ಬಹುಪಾಲು ಮುಂಗಾರಿ ಗಡ್ಡೆ. ಕೀಳುವ ಹೊತ್ತಿಗೆ ಮಳೆ, ಗಡ್ಡೆಯಲ್ಲಿ ನೀರು ಜಾಸ್ತಿ. ಕೆಲವೇ ವಾರ ತಡೆಯುತ್ತದೆ. ಮಹಾರಾಷ್ಟ್ರದ ಬೇಸಿಗೆ ಗಡ್ಡೆ ನಾಲ್ಕಾರು ತಿಂಗಳು ಇರುತ್ತದೆ, ಅವರು ಕಾಯಬಹುದು. ನಮ್ಮವರು ಕಾಯುವ ಹಾಗಿಲ್ಲ, ಕಿತ್ತ ವಾರವೇ ಮಾರಬೇಕು.

ಮೇಲೆ ರಫ್ತಿನ ಬಾಗಿಲು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಫ್ತು ನಿಲ್ಲಿಸಿತು. 2024ರ ಮೇ ತಿಂಗಳಲ್ಲಿ ತೆರೆಯಿತು, ಆದರೆ 40 ಪರ್ಸೆಂಟ್ ಸುಂಕ ಹಾಕಿ. ಸೆಪ್ಟೆಂಬರಿನಲ್ಲಿ 20ಕ್ಕೆ ಇಳಿಸಿತು, 2025ರ ಏಪ್ರಿಲ್ 1ರಿಂದ ಪೂರ್ತಿ ತೆಗೆಯಿತು. ಬಾಗಿಲು ಮುಚ್ಚಿದಾಗ ನನ್ನ ಗಿರಾಕಿಗೆ ಖುಷಿ, ತೆರೆದಾಗ ಕೊಲ್ಹಾರದ ರೈತನಿಗೆ ಖುಷಿ. ಆದರೆ ಎಷ್ಟೋ ಸಲ ತೆರೆಯುವ ಹೊತ್ತಿಗೆ ಅವನ ಗಡ್ಡೆ ಕೊಳೆತಿರುತ್ತದೆ.

ಮನೆಗೆ ಕೊಳ್ಳುವವರಿಗೆ: ಕುತ್ತಿಗೆ ಸಣ್ಣಗೆ ಒಣಗಿರುವ ಗಡ್ಡೆ ಆರಿಸಿ. ಕುತ್ತಿಗೆ ದಪ್ಪ, ಮೆತ್ತಗೆ ಇದ್ದರೆ ಎಂಟು ದಿನದ ಮೇಲೆ ಇಡಬೇಡಿ.

ಕಬ್ಬಿಗೆ 3,550 ಅಂತ ಸರ್ಕಾರ ಹೇಳುತ್ತದೆ, ಹೋರಾಟ ಮಾಡಿ 3,300ಕ್ಕೆ ಯಾಕೆ ಒಪ್ಪಿದರು? ತಲೆ ಕೆಡುತ್ತದೆ.

ನಿಮ್ಮದಷ್ಟೇ ಅಲ್ಲ. 2025-26ಕ್ಕೆ ಕೇಂದ್ರದ ಎಫ್‌ಆರ್‌ಪಿ (ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ) ಕ್ವಿಂಟಾಲಿಗೆ 355, ಅಂದರೆ ಟನ್ನಿಗೆ 3,550. ಇದು ಸಕ್ಕರೆ ಇಳುವರಿ, ಅಂದರೆ ನೂರು ಕಿಲೋ ಕಬ್ಬಿಗೆ ಬರುವ ಸಕ್ಕರೆ, 10.25 ಕಿಲೋ ಇದ್ದಾಗ. ಇಳುವರಿ 0.1 ಏರಿದರೆ ಕ್ವಿಂಟಾಲಿಗೆ 3.46 ಸೇರಬೇಕು. 11.25 ಬಂದರೆ ಟನ್ನಿಗೆ 3,896 ಆಗುತ್ತದೆ. ಆದರೆ ಇದು ಕಾರ್ಖಾನೆ ಗೇಟಿನ ಬೆಲೆ. ಕಡಿಯುವ ಕೂಲಿ, ಸಾಗಿಸುವ ಬಾಡಿಗೆ ಇದರಲ್ಲೇ ಮುರಿಯುತ್ತಾರೆ. ಅದನ್ನು ಮುರಿದು ಕೈಗೆ ಬರುವುದು ಎಷ್ಟು ಅನ್ನುವುದೇ ಜಗಳ.

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಯಲ್ಲೇ ಕೂತರು. ಕಡಿಯುವ-ಸಾಗಿಸುವ ಖರ್ಚು ಬಿಟ್ಟು ಟನ್ನಿಗೆ 3,500 ಬೇಕು ಅಂದರು. ಕೊನೆಗೆ 11.25 ಇಳುವರಿಗೆ 3,300ಕ್ಕೆ ಇತ್ಯರ್ಥ ಆಯಿತು. ಎರಡು ನಂಬರು ಬೇರೆ ಬೇರೆ ಜಾಗದ ಬೆಲೆ, ಒಂದು ಗೇಟಿನದು, ಒಂದು ಹೊಲದ್ದು.

ಇಳುವರಿ ಅಳೆಯುವುದು ಕಾರ್ಖಾನೆ, ತೂಕ ಮಾಡುವುದೂ ಕಾರ್ಖಾನೆ. ಅನುಮಾನ ಹುಟ್ಟುವುದು ಅಲ್ಲೇ. ಕಬ್ಬು ಕೊಟ್ಟ 14 ದಿನದೊಳಗೆ ರೊಕ್ಕ ಕೊಡಬೇಕು, ತಡ ಆದರೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಬಡ್ಡಿ ಪಡೆದ ಒಬ್ಬ ರೈತನನ್ನೂ ನಾನು ಕಣ್ಣಾರೆ ಕಂಡಿಲ್ಲ. ಕಾಯಲು ಆಗದವರು ಗಾಣಕ್ಕೆ ಕೊಡುತ್ತಾರೆ. ಆ ಬೆಲ್ಲ ಮಹಾಲಿಂಗಪುರ ಪೇಟೆಗೆ ಹೋಗುತ್ತದೆ.

ಬೆಳಗಾವಿಯಲ್ಲಿ ಬೆಳೆದ ತರಕಾರಿ ಬೆಳಗಾವಿಯಲ್ಲೇ ತುಟ್ಟಿ ಯಾಕೆ?

ಗೋವಾದ ಅಡುಗೆಮನೆ ಬೆಳಗಾವಿ ಮಾರುಕಟ್ಟೆಯ ಮೇಲೆ ನಿಂತಿದೆ. ದಿನಾ ಬೆಳಗ್ಗೆ ಒಳ್ಳೆ ಮಾಲು ಆರಿಸಿ ಘಾಟ್ ಇಳಿಸುತ್ತಾರೆ. ಅಲ್ಲಿ ರೇಟು ಚೆನ್ನಾಗಿರುವಾಗ ಇಲ್ಲಿ ಯಾರೂ ಸೋವಿ ಕೊಡುವುದಿಲ್ಲ. ಮಳೆಗಾಲದಲ್ಲಿ ಚೋರ್ಲಾ ಘಾಟಿನಲ್ಲಿ ಗುಡ್ಡ ಜರಿದು ಗಾಡಿ ನಿಂತ ದಿನ ಬೆಳಗಾವಿಯಲ್ಲಿ ಕೋಸು ಸೋವಿ. ಬೇರೆಯವರ ಕಷ್ಟದ ದಿನ ಸಂತೆ ಮಾಡಬೇಕು ಅಂತ ಹೇಳಲಾರೆ, ಆದರೆ ಲೆಕ್ಕ ಹಾಗಿದೆ.

ವಿಜಯಪುರದ ಒಣದ್ರಾಕ್ಷಿ ಕಿಲೋ ರೇಟು ಕೇಳಿ ಎದೆ ಝಲ್ ಅಂತದೆ.

ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಬೇಕು. ಮಾರ್ಚಿನಲ್ಲಿ ಒಮ್ಮೆ ತಿಕೋಟಾ ಕಡೆ ಹೋಗಿ ನೋಡಿ. ರಸ್ತೆ ಬದಿಗೆ ಹಸಿರು ಪರದೆ ಕಟ್ಟಿದ ಶೆಡ್ಡುಗಳು, ಒಳಗೆ ಒಂದರ ಮೇಲೊಂದು ಜಾಲರಿ. ಗೊನೆಯನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲೆಸಿದ ನೀರಲ್ಲಿ ಅದ್ದಿ ಜಾಲರಿ ಮೇಲೆ ಹರಡುತ್ತಾರೆ. ಹಣ್ಣಿನ ಮೇಲಿನ ಮೇಣ ಸಡಿಲ ಆಗಿ ಬೇಗ ಒಣಗುತ್ತದೆ, ಬಣ್ಣ ಉಳಿಯುತ್ತದೆ. ಹದಿನೈದು-ಇಪ್ಪತ್ತು ದಿನ ನೆರಳಲ್ಲೇ ಒಣಗಬೇಕು. ಆ ಇಪ್ಪತ್ತು ದಿನದಲ್ಲಿ ಒಂದು ಅಕಾಲಿಕ ಮಳೆ ಬಿದ್ದರೆ ಬಣ್ಣ ಕೆಡುತ್ತದೆ, ರೇಟು ಅರ್ಧ. ಆಮೇಲೆ ಹೆಂಗಸರು ಸಾಲಾಗಿ ಕೂತು ಕಡ್ಡಿ ಬಿಡಿಸುತ್ತಾರೆ, ಬಣ್ಣ ನೋಡಿ ಬೇರೆ ಮಾಡುತ್ತಾರೆ. ಬಹಳಷ್ಟು ಮಾಲು ಸಾಂಗ್ಲಿ, ತಾಸಗಾಂವ್ ಪೇಟೆಗೆ ಹೋಗಿ, ಅಲ್ಲಿಂದ ದೇಶಕ್ಕೆಲ್ಲ ಹಂಚಿಕೆ ಆಗುತ್ತದೆ. ನಮ್ಮೂರ ದ್ರಾಕ್ಷಿ ಸಾಂಗ್ಲಿ ನೋಡಿಕೊಂಡು ಬೆಂಗಳೂರಿನ ಅಂಗಡಿಗೆ ಬರುತ್ತದೆ.

ಅಡುಗೆ ಎಣ್ಣೆಗೂ ಹೊರದೇಶಕ್ಕೂ ಏನು ಸಂಬಂಧ?

ದೇಶಕ್ಕೆ ಬೇಕಾದ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ಪಾಮ್ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೂರ್ಯಕಾಂತಿ ರಷ್ಯಾ, ಉಕ್ರೇನಿನಿಂದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಯಿತು, ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಪಾಮ್ ರಫ್ತು ನಿಲ್ಲಿಸಿತು. ನಮ್ಮ ಓಣಿಯಲ್ಲಿ ಮಿರ್ಚಿ ಭಜಿ ಪ್ಲೇಟಿಗೆ ಒಂದು ಭಜಿ ಕಡಿಮೆ ಆಯಿತು. ಒಂದು ಕಾಲಕ್ಕೆ ಇಲ್ಲಿ ಕುಸುಬೆ, ಸೂರ್ಯಕಾಂತಿ ಹೊಲ ತುಂಬ ಇರುತ್ತಿತ್ತು. ಸೋವಿ ಪಾಮ್ ಬಂದ ಮೇಲೆ ಕುಸುಬೆ ಮುಳ್ಳು ಚುಚ್ಚಿಸಿಕೊಂಡು ಬೆಳೆಯುವವರು ಯಾರು?

ಪ್ಯಾಕೆಟ್ ಬೇಳೆ ತುಟ್ಟಿ, ಬಿಡಿ ಬೇಳೆ ಸೋವಿ. ಗುಣ ಬೇರೆಯಾ?

ಯಾವಾಗಲೂ ಅಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಹಚ್ಚಿದ ಪ್ಯಾಕೆಟ್ ಅಕ್ಕಿ, ಬೇಳೆ, ಹಿಟ್ಟಿಗೆ 5 ಪರ್ಸೆಂಟ್ ಜಿಎಸ್‌ಟಿ ಇದೆ. ಚೀಲದಿಂದ ತೆಗೆದು ಎದುರಿಗೆ ತೂಗಿ ಕೊಟ್ಟರೆ ಇಲ್ಲ. ಫರಕಿನಲ್ಲಿ ಒಂದು ಪಾಲು ಅದು, ಉಳಿದದ್ದು ಪ್ಯಾಕೆಟ್ಟು ಮತ್ತು ಜಾಹೀರಾತು. ಬಿಡಿ ಕೊಳ್ಳುವಾಗ ಅಂಗೈಗೆ ಹಾಕಿ ಉಜ್ಜಿ ನೋಡಿ, ಬಣ್ಣ ಕೈಗೆ ಹತ್ತಿದರೆ ಬೇಡ.

ಅಂಗಡಿ ತಕ್ಕಡಿ ನಂಬಬಹುದಾ?

ನನ್ನದು ನಂಬಿ, ಆದರೂ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು, ಸರ್ಟಿಫಿಕೇಟು ಕಾಣುವ ಹಾಗೆ ತೂಗುಹಾಕಬೇಕು. ತೂಗುವ ಮೊದಲು ಸೊನ್ನೆ ಇದೆಯೇ ನೋಡಿ. ಮಿಠಾಯಿ ಅಂಗಡಿಯಲ್ಲಿ ಡಬ್ಬಿ ಸಮೇತ ತೂಗಿದರೆ ಡಬ್ಬಿ ತೆಗೆದು ತೂಗಿ ಅನ್ನಿ. ಕುಂದಾ, ಕರದಂಟಿನ ರೇಟಿಗೆ ರಟ್ಟು ಕೊಳ್ಳುವುದು ಯಾಕೆ?

ಇಂಡಿ ಲಿಂಬೆ ಅಂತ ಕೇಳಿದರೆ ನಿಜವಾಗಿ ಇಂಡಿಯದೇ ಕೊಡುತ್ತಾರಾ?

ಇಂಡಿ ಲಿಂಬೆಗೆ ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು) ಬಂದಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಆದರೆ ಗಾಡಿಯ ಮೇಲಿನ ಲಿಂಬೆಗೆ ಯಾರೂ ಚೀಟಿ ಹಚ್ಚುವುದಿಲ್ಲ. ಸಿಪ್ಪೆ ತೆಳ್ಳಗಿರಲಿ, ಗಾತ್ರಕ್ಕಿಂತ ತೂಕ ಜಾಸ್ತಿ ಅನ್ನಿಸಲಿ. ಉಪ್ಪಿನಕಾಯಿಗೆ ಮಳೆಗಾಲದಲ್ಲಿ ಸೋವಿ ಇದ್ದಾಗ ಕೊಂಡುಬಿಡಿ, ಬೇಸಿಗೆಯಲ್ಲಿ ಕೇಳಲೇಬೇಡಿ.

ಸೀತನಿ ನಿಮ್ಮ ಅಂಗಡಿಯಲ್ಲಿ ಸಿಗುತ್ತದಾ?

ಇಲ್ಲ. ಎಳೆ ಜೋಳದ ತೆನೆ ಅಂಗಡಿಗೆ ಬರುವುದಿಲ್ಲ, ಬಂದರೂ ಸಂಜೆಗೆ ಹಾಲು ಆರಿರುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ (ನೈವೇದ್ಯದ ಅಡುಗೆ) ಚೆಲ್ಲಿದ ಮೇಲೆ ಸಿಂದಗಿ ರಸ್ತೆ ಹಿಡಿದು ಹೊರಟರೆ ಹೊಲದ ಬದುವಿನಲ್ಲಿ ಹೊಗೆ ಕಾಣುತ್ತದೆ. ಅಲ್ಲಿ ನಿಲ್ಲಿಸಿ. ಕೆಂಡದ ಬೂದಿಯಲ್ಲಿ ತೆನೆ ಸುಟ್ಟು, ಬಿಸಿ ಇದ್ದಾಗಲೇ ಗೋಣಿಯ ಮೇಲೆ ಬಡಿದು ಕಾಳು ಉದುರಿಸಿ ಕೊಡುತ್ತಾರೆ. ಜೊತೆಗೆ ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ತುಂಡು ಬೆಲ್ಲ. ಅಲ್ಲಿ ಟೆಂಡರ್ ಇಲ್ಲ, ಸೂಟು ಇಲ್ಲ, ಪಟ್ಟಿ ಇಲ್ಲ. ಅವರು ಹೇಳಿದ ರೇಟು ಕೊಟ್ಟು ಬನ್ನಿ, ಚೌಕಾಶಿ ಮಾಡಬೇಡಿ. ಅವರಲ್ಲಿ ಒಬ್ಬ ನನ್ನ ಅಣ್ಣನೂ ಇರಬಹುದು.